ಪಾರ್ಸೆಲ್ ಬರಲಿಲ್ಲವೇ? ಮೊದಲು ಗಿರಣಿಯಲ್ಲಿ ಕೇಳಿ

ಗಂಗಾವತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್, ಆದರೆ ಅರ್ಧ ಓಣಿಯ ಪಾರ್ಸೆಲ್‌ಗಳು ನನ್ನ ಕೌಂಟರ್ ಕೆಳಗೇ ಇರುತ್ತವೆ. ಮನೆಯವರು ಗದ್ದೆಗೋ ಕೆಲಸಕ್ಕೋ ಹೋಗಿದ್ದರೆ ಡೆಲಿವರಿ ಹುಡುಗರು ನನಗೆ ಕೊಟ್ಟು ಹೋಗುತ್ತಾರೆ. ಬರದೇ ಇದ್ದಾಗ ಕೇಳುವುದಕ್ಕೂ ಜನ ನನ್ನ ಹತ್ತಿರವೇ ಬರುತ್ತಾರೆ. "ಅಣ್ಣಾ, ಆರ್ಡರ್ ಮಾಡಿ ಎಂಟು ದಿನ ಆತು, ಇನ್ನಾ ಬಂದಿಲ್ಲ. ಸ್ವಲ್ಪ ನೋಡ್ರಿ" ಅಂತ ಫೋನನ್ನೇ ಕೈಗೆ ಕೊಟ್ಟುಬಿಡುತ್ತಾರೆ.

ಹೀಗೆ ನೋಡಿ ನೋಡಿ ಒಂದು ಮಾತು ಗಟ್ಟಿಯಾಗಿದೆ. ಪಾರ್ಸೆಲ್ ಕಳೆದುಹೋಗುವುದು ಅಪರೂಪ, ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಅದೂ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಅಲ್ಲ, ನಮ್ಮ ಊರಿನ ಕೊನೆಯ ಮೂರು ಕಿಲೋಮೀಟರಿನಲ್ಲಿ. ಆದ್ದರಿಂದ ಹುಡುಕಾಟವನ್ನು ಮನೆ ಬಾಗಿಲಿಂದ ಶುರು ಮಾಡಿ ಹೊರಗೆ ಹೋಗಿ. ಕಾಸು ಖರ್ಚಿಲ್ಲದ್ದು ಮೊದಲು, ಕಸ್ಟಮರ್ ಕೇರ್ ಆಮೇಲೆ, ದೂರು ಕೊನೆಗೆ.

ಶುರು ಮಾಡುವ ಮುಂಚೆ

ಆರ್ಡರ್ ನಂಬರ್ ಬೇರೆ, ಟ್ರ್ಯಾಕಿಂಗ್ ನಂಬರ್ ಬೇರೆ. ಆರ್ಡರ್ ನಂಬರ್ ನೀವು ಕೊಂಡ ಆ್ಯಪ್‌ನದ್ದು. ಟ್ರ್ಯಾಕಿಂಗ್ ನಂಬರ್ ಕೊರಿಯರ್‌ನವರದ್ದು. ಅವರ ಮುಂದೆ ಆರ್ಡರ್ ನಂಬರ್ ಹೇಳಿದರೆ ಸುಮ್ನೆ ಟೈಮ್ ಹಾಳು. ಸ್ಪೀಡ್ ಪೋಸ್ಟ್ ಆದರೆ ಗುರುತು ಸುಲಭ: ಇಂಗ್ಲಿಷಿನ 2 ಅಕ್ಷರ, ಆಮೇಲೆ 9 ಅಂಕಿ, ಕೊನೆಗೆ 'ಐಎನ್'. ಒಟ್ಟು 13. ಒಂದು ಕಡಿಮೆ ಇದ್ದರೂ ಎಲ್ಲೋ ತಪ್ಪು ಬರೆದುಕೊಂಡಿದ್ದೀರಿ ಅಂತಲೇ ಅರ್ಥ.

ಟ್ರ್ಯಾಕಿಂಗ್ ತೆರೆದಾಗ ಎಲ್ಲರೂ ದಪ್ಪ ಅಕ್ಷರದ ಮಾತನ್ನು ಓದುತ್ತಾರೆ: 'ಇನ್ ಟ್ರಾನ್ಸಿಟ್', 'ಅರೈವಿಂಗ್ ಟುಮಾರೋ'. ನಾನು ಅದನ್ನು ನೋಡುವುದೇ ಇಲ್ಲ. ಕೆಳಗೆ ಸಣ್ಣದಾಗಿ ಕೊನೆಯ ಸ್ಕ್ಯಾನ್ ಇರುತ್ತದೆ, ಯಾವ ಊರು, ಎಷ್ಟು ಗಂಟೆ ಅಂತ. ಪೆಟ್ಟಿಗೆ ನಿಜವಾಗಿ ಯಾರದೋ ಕೈಯಲ್ಲಿ ಇದ್ದದ್ದಕ್ಕೆ ಅದೊಂದೇ ಸಾಕ್ಷಿ. ಮೇಲಿನ ಮಾತು ಕಂಪ್ಯೂಟರ್ ಹಾಕಿದ ಅಂದಾಜು. ಕೊನೆಯ ಸ್ಕ್ಯಾನನ್ನು ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಬೇಕಾಗುತ್ತದೆ.

"ಶಿಪ್ಡ್ ಅಂತ ಐತಿ, ಟ್ರ್ಯಾಕಿಂಗ್ ಹಾಕಿದ್ರ ಏನೂ ಬರವಲ್ದು"

ಇದಕ್ಕೆ ಗಾಬರಿ ಬೇಡ. ಮಾರುವವನು ಲೇಬಲ್ ಪ್ರಿಂಟ್ ಹಾಕಿದ್ದಾನೆ, ಪೆಟ್ಟಿಗೆ ಇನ್ನೂ ಅವನ ಗೋಡೌನ್‌ನಲ್ಲೇ ಇದೆ. ಕೊರಿಯರ್ ಗಾಡಿ ಬಂದು ಎತ್ತಿಕೊಂಡು ಹೋಗಿ ಮೊದಲ ಸ್ಕ್ಯಾನ್ ಆಗುವವರೆಗೆ ಆ ನಂಬರ್‌ಗೆ ಜೀವ ಇಲ್ಲ. ಎರಡು ದಿನ ಬಿಡಿ. ನಡುವೆ ಭಾನುವಾರವೋ ಹಬ್ಬವೋ ಇದ್ದರೆ ಮೂರು. ಅದಾದ ಮೇಲೂ ಖಾಲಿ ಅಂದರೆ ಕೊರಿಯರ್‌ನವರನ್ನು ಕೇಳಿ ಪ್ರಯೋಜನ ಇಲ್ಲ, ಅವರ ಕೈಗೆ ಅದು ಬಂದೇ ಇಲ್ಲ. ಮಾರಿದವನನ್ನು ಕೇಳಿ, ಇಲ್ಲವೇ ಕ್ಯಾನ್ಸಲ್ ಮಾಡಿ. ಕ್ಯಾನ್ಸಲ್ ಮಾಡಲು ಇದಕ್ಕಿಂತ ಸುಲಭದ ಹಂತ ಮುಂದೆ ಸಿಗುವುದಿಲ್ಲ.

"ಮೂರು ದಿನದಿಂದ ಒಂದೇ ಊರಾಗ ನಿಂತೈತಿ"

ಎಲ್ಲಿ ನಿಂತಿದೆ ಅನ್ನುವುದು ಮುಖ್ಯ.

ದೊಡ್ಡ ಹಬ್‌ನಲ್ಲಿ, ಅಂದರೆ ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಅಂಥ ಕಡೆ ನಿಂತಿದ್ದರೆ ಹೆಚ್ಚಾಗಿ ರಾಶಿಯಲ್ಲಿ ಬಿದ್ದಿದೆ. ದಸರಾ, ದೀಪಾವಳಿ ಆಫರ್ ಹೊತ್ತಿನಲ್ಲಿ ಇದು ಮಾಮೂಲು. "ಗಂಗಾವತಿಗೆ ಬರೋದು ಹೈದರಾಬಾದಿಗೆ ಯಾಕ್ರಿ ಹೋತು?" ಅಂತ ಕೇಳುತ್ತಾರೆ. ದಾರಿ ತಪ್ಪಿದ್ದಲ್ಲ. ಪ್ರತಿ ಕಂಪನಿಗೂ ತನ್ನದೇ ಲಾರಿ ದಾರಿ ಇರುತ್ತದೆ. ನಮ್ಮ ಕಡೆಯ ಮಾಲು ಉತ್ತರದಿಂದಲೂ ಬರುತ್ತದೆ, ದಕ್ಷಿಣದಿಂದಲೂ ಬರುತ್ತದೆ.

ನಿಜವಾಗಿ ದಾರಿ ತಪ್ಪಿದ್ದರೆ ಗುರುತೇ ಬೇರೆ. ಹತ್ತಿರ ಬಂದದ್ದು ಮತ್ತೆ ದೂರ ಹೋಗುತ್ತದೆ. ಕೊಪ್ಪಳದಲ್ಲಿ ಸ್ಕ್ಯಾನ್ ಆಗಿ ಮಾರನೇ ದಿನ ರಾಯಚೂರಿನಲ್ಲಿ ಕಂಡರೆ ಪಿನ್ ಕೋಡ್ ನೋಡಿ. ಪಿನ್‌ನ ಮೊದಲ 3 ಅಂಕಿ ವಿಂಗಡಣೆಯ ಸೀಮೆಯನ್ನು ಹೇಳುತ್ತವೆ, ಕೊನೆಯ 3 ಪೋಸ್ಟ್ ಆಫೀಸನ್ನು. ಬಳ್ಳಾರಿ 583101, ಕೊಪ್ಪಳ 583231, ನಮ್ಮ ಗಂಗಾವತಿ 583227, ರಾಯಚೂರು 584101. ಬೆರಳು ಜಾರಿ 583ರ ಬದಲು 584 ಒತ್ತಿದರೆ ಪೆಟ್ಟಿಗೆ ರಾಯಚೂರು ದಾರಿ ಹಿಡಿಯುತ್ತದೆ. ಪಾಪ, ಅದರದ್ದೇನು ತಪ್ಪು.

ಜಿಲ್ಲೆಯ ಹೆಸರು ತಪ್ಪಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ಗಂಗಾವತಿ ಇನ್ನೂ 'ರಾಯಚೂರು ಜಿಲ್ಲೆ'. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ, ಆದರೂ ಎಷ್ಟೋ ಕಡೆ ಪಟ್ಟಿಯಲ್ಲಿ ಬಳ್ಳಾರಿ ಅಂತಲೇ ಬರುತ್ತದೆ. ಬಳ್ಳಾರಿಯ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲಿ ಬದಲಾದರೂ ಹಳೆಯದೇ ಓಡಾಡುತ್ತಿದೆ. ಪಿನ್ ಸರಿ ಇದ್ದರೆ ಪೆಟ್ಟಿಗೆ ಬರುತ್ತದೆ.

ಮಳೆಗಾಲದ ಲೆಕ್ಕವೇ ಬೇರೆ. ತುಂಗಭದ್ರಾ ಡ್ಯಾಮಿನಿಂದ ನದಿಗೆ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಕಂಪ್ಲಿಯಿಂದ ಚಿಕ್ಕಜಂತಕಲ್ ಮೇಲೆ ಬರಬೇಕಾದ ಗಾಡಿ ಬುಕ್ಕಸಾಗರ, ಕಡೆಬಾಗಿಲು ಸುತ್ತಿ ಬರಬೇಕು. ರಾಯಚೂರು ಜಿಲ್ಲೆಯಲ್ಲಿ ಕೃಷ್ಣಾ ತುಂಬಿದರೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯ ಕಥೆಯೂ ಅದೇ. ಅಂಥ ದಿನಗಳಲ್ಲಿ ಕಸ್ಟಮರ್ ಕೇರ್‌ಗೆ ಹತ್ತು ಸಲ ಫೋನ್ ಮಾಡಿದರೂ ನದಿ ಇಳಿಯುವುದಿಲ್ಲ. ಬೆಳಗಿನ ಪೇಪರ್ ನೋಡಿ ಸುಮ್ಮನಿರಿ.

ಇವೆಲ್ಲ ಇಲ್ಲದೆ ಒಂದೇ ಜಾಗದಲ್ಲಿ 5 ದಿನ ಹೊಸ ಸ್ಕ್ಯಾನ್ ಇಲ್ಲ ಅಂದರೆ ಕಾಯುವುದು ಸಾಕು. ದೂರು ಹಾಕಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಒಂದೇ ಒಂದು ವಿಷಯಕ್ಕೆ ಇಷ್ಟೂ ಕಾಯಬೇಡಿ: ಔಷಧಿ. ಬಿಪಿ, ಶುಗರ್ ಮಾತ್ರೆ ತಡವಾದರೆ ಅದೇ ದಿನ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳಿ. ಇನ್ಸುಲಿನ್ ಆದರೆ ಇನ್ನೂ ಹುಷಾರು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದದ್ದು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ತಗಡಿನ ಶೆಡ್ಡಿನೊಳಗೆ ನಾಲ್ಕು ದಿನ ಕುಳಿತದ್ದು ತಡವಾಗಿ ಕೈಗೆ ಬಂದರೂ, ಡಾಕ್ಟರನ್ನು ಕೇಳದೆ ಚುಚ್ಚಿಕೊಳ್ಳಬೇಡಿ.

"ಔಟ್ ಫಾರ್ ಡೆಲಿವರಿ ಅಂತ ಬೆಳಿಗ್ಗೆ ಬಂತು, ರಾತ್ರಿ ಆದ್ರೂ ಇಲ್ಲ"

ಬೆಳಿಗ್ಗೆ ಕೊರಿಯರ್ ಗೋಡೌನ್ ಮುಂದೆ ನಿಂತು ಒಮ್ಮೆ ನೋಡಿ. ಶಟರ್ ಅರ್ಧ ಎತ್ತಿರುತ್ತದೆ. ಒಳಗೆ ನೆಲದ ಮೇಲೆ ಪಾರ್ಸೆಲ್‌ಗಳನ್ನು ಓಣಿವಾರು ಗುಡ್ಡೆ ಹಾಕಿರುತ್ತಾರೆ. ಹುಡುಗ ಮಾರ್ಕರ್ ಹಿಡಿದು ಪ್ರತಿ ಪೆಟ್ಟಿಗೆ ಮೇಲೆ ದೊಡ್ಡದಾಗಿ ಏನೋ ಗೀಚುತ್ತಾನೆ, ಏರಿಯಾ ಹೆಸರಿನ ಮೊದಲ ಅಕ್ಷರ, ಇಲ್ಲಾ ಫೋನಿನ ಕೊನೆಯ ನಾಲ್ಕು ಅಂಕಿ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿ ಬೆನ್ನಿಗೊಂದು ದೊಡ್ಡ ಬ್ಯಾಗ್, ಬೈಕಿನ ಮುಂದೊಂದು ಗೋಣಿಚೀಲ. ನಿಮ್ಮ ಫೋನಿಗೆ 'ಔಟ್ ಫಾರ್ ಡೆಲಿವರಿ' ಬರುವುದು ಆ ಸ್ಕ್ಯಾನ್‌ಗೆ. ನಿಮ್ಮ ಮನೆ ಅವನ ಸರದಿಯಲ್ಲಿ ಎಪ್ಪತ್ತನೆಯದೂ ಇರಬಹುದು. ಎಷ್ಟೋ ಸಲ ಬ್ಯಾಗ್‌ನಲ್ಲಿ ಹಿಡಿಸದೆ ಗೋಡೌನ್‌ನಲ್ಲೇ ಉಳಿದಿರುತ್ತದೆ. ಮೆಸೇಜ್ ಮಾತ್ರ ನಿಮಗೆ ಬಂದಿರುತ್ತದೆ.

ಆದ್ದರಿಂದ ಆ ದಿನ ರಾತ್ರಿ 9ರವರೆಗೆ ಏನೂ ಮಾಡಬೇಡಿ. ಮಾರನೇ ದಿನ ಮತ್ತೆ ಅದೇ ಮೆಸೇಜ್ ಬಂದರೆ ಸರಿ. ಬರದಿದ್ದರೆ ಆ್ಯಪ್‌ನಲ್ಲಿ ಹುಡುಗನ ನಂಬರ್ ಕೊಟ್ಟಿರುತ್ತಾರೆ, ಮಧ್ಯಾಹ್ನದೊಳಗೆ ಒಂದು ಫೋನ್ ಮಾಡಿ. ಸಂಜೆ ಮಾಡಿದರೆ ಅವನಾಗಲೇ ಬೇರೆ ಕಡೆ ಇರುತ್ತಾನೆ. ಫೋನಲ್ಲಿ ಜಗಳಕ್ಕೆ ನಿಲ್ಲಬೇಡಿ. ಬಿಸಿಲಲ್ಲಿ ಅಲೆಯುವ ಹುಡುಗ, ನಾಳೆಯೂ ನಿಮ್ಮ ಮನೆಗೆ ಅವನೇ ಬರಬೇಕು.

"ಮನಿ ಬೀಗ ಹಾಕಿತ್ತು, ಫೋನ್ ಎತ್ತಲಿಲ್ಲ ಅಂತ ಮೆಸೇಜು. ನಾ ಮನ್ಯಾಗ ಅದೀನಿ!"

ನನ್ನ ಕೌಂಟರಿಗೆ ಜಾಸ್ತಿ ಬರುವ ತಕರಾರು ಇದು. ಎಲ್ಲರೂ ಮೊದಲು ಹುಡುಗನನ್ನೇ ಬೈಯುತ್ತಾರೆ. ನಾನೂ ಬೈಯುತ್ತಿದ್ದೆ. ಈಗ ಮೊದಲು ಈ ನಾಲ್ಕು ನೋಡುತ್ತೇನೆ.

ಒಂದು, ಫೋನ್. ಆರ್ಡರ್‌ನಲ್ಲಿರುವ ನಂಬರ್ ಯಾರದು? ಮಗ ಬೆಂಗಳೂರಿನಲ್ಲಿ ಕೂತು ಅಮ್ಮನಿಗೆ ಅಂತ ಆರ್ಡರ್ ಮಾಡಿರುತ್ತಾನೆ, ನಂಬರ್ ಮಾತ್ರ ತನ್ನದೇ ಇರುತ್ತದೆ. ಹುಡುಗ ಫೋನ್ ಮಾಡಿದಾಗ ಮಗ ಮೀಟಿಂಗ್‌ನಲ್ಲಿ. ಅಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿರುತ್ತಾಳೆ.

ಎರಡು, ಸ್ಪ್ಯಾಮ್, ಅಂದರೆ ಬೇಡದ ಕಾಲ್ ಅಂತ ಫೋನ್ ಹಾಕುವ ಮುದ್ರೆ. ಡೆಲಿವರಿ ಹುಡುಗರು ದಿನಕ್ಕೆ ನೂರು ಕಾಲ್ ಮಾಡುವುದರಿಂದ ಅವರ ನಂಬರ್‌ಗಳು ಕೆಂಪು ಬಣ್ಣದಲ್ಲಿ ಬರುತ್ತವೆ, ಕೆಲವು ಫೋನ್‌ಗಳು ತಾವೇ ಕಟ್ ಮಾಡುತ್ತವೆ. ಪಾರ್ಸೆಲ್ ಬರುವ ದಿನ ಆ ಸೆಟ್ಟಿಂಗ್ ಆಫ್ ಮಾಡಿಡಿ. ಬ್ಲಾಕ್ ಆದ ಕಾಲ್‌ಗಳ ಪಟ್ಟಿಯನ್ನೂ ತೆಗೆದು ನೋಡಿ.

ಮೂರು, ಮ್ಯಾಪಿನ ಚುಕ್ಕಿ. ಬರೆದ ವಿಳಾಸ ಸರಿ ಇರುತ್ತದೆ, ಆದರೆ ಆರ್ಡರ್ ಮಾಡುವಾಗ ನೀವು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇದ್ದಿರಿ ಅಂದುಕೊಳ್ಳಿ. 'ಯೂಸ್ ಕರೆಂಟ್ ಲೊಕೇಶನ್' ಒತ್ತಿದಿರಿ. ಚುಕ್ಕಿ ಅಲ್ಲೇ ಕೂತಿತು. ಹೊಸ ಹುಡುಗನಾದರೆ ವಿಳಾಸ ಓದುವುದಿಲ್ಲ, ಚುಕ್ಕಿ ನೋಡುತ್ತಾನೆ.

ನಾಲ್ಕು, ವಿಳಾಸ ಬರೆದ ರೀತಿ. ನಮ್ಮ ಸೀಮೆಯಲ್ಲಿ ಇದಕ್ಕೊಂದು ಪುರಾಣವೇ ಇದೆ. ತುಂಗಭದ್ರಾ ಕಾಲುವೆ ಉದ್ದಕ್ಕೂ ಎಲ್ಲಿ ನೋಡಿದರೂ ಕ್ಯಾಂಪ್‌ಗಳು, ಅಂದರೆ ಹೊರಗಿಂದ ಬಂದು ನೆಲೆಸಿದವರ ಊರುಗಳು. ಸುಮ್ನೆ 'ಕ್ಯಾಂಪ್' ಅಂತ ಬರೆದರೆ ಯಾವುದು ಅಂತ ತಿಳಿಯಬೇಕು? ಸಿಂಧನೂರು ಕಡೆ ಆರ್.ಎಚ್. ಕ್ಯಾಂಪ್ (ನಿರಾಶ್ರಿತರ ಪುನರ್ವಸತಿ ಊರು) ಅಂತ ಬರೆದು ಅದರ ನಂಬರ್ ಬಿಟ್ಟರೆ ಪೆಟ್ಟಿಗೆ ಒಂದು ಕ್ಯಾಂಪಿಂದ ಇನ್ನೊಂದಕ್ಕೆ ಅಲೆಯುತ್ತದೆ. 'ಹನುಮಪ್ಪನ ಗುಡಿ ಹತ್ತಿರ' ಅಂತಲೂ ಬರೆಯುತ್ತಾರೆ. ಹನುಮಪ್ಪನ ಗುಡಿ ಇಲ್ಲದ ಓಣಿ ನಮ್ಮಲ್ಲಿ ಎಲ್ಲಿದೆ ತೋರಿಸಿ! ಮನೆ ನಂಬರ್, ವಾರ್ಡ್, ಮನೆಯ ಯಜಮಾನರ ಹೆಸರು, ನೂರು ಮೀಟರ್ ಒಳಗಿರುವ ಒಂದು ಅಂಗಡಿ ಇಲ್ಲವೇ ಶಾಲೆ, ಇಷ್ಟು ಬರೆಯಿರಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಅಂತ ತಂದಿದೆ. ಸುಮಾರು 4 ಮೀಟರ್ ಚೌಕಕ್ಕೆ ಒಂದರಂತೆ 10 ಅಕ್ಷರದ ಗುರುತು. ಒಳ್ಳೆಯದೇ. ಆದರೆ ನನ್ನ ಅಂಗಡಿಗೆ ಬರುವ ಹುಡುಗರು ಇನ್ನೂ ಅದನ್ನು ಕೇಳಿಲ್ಲ. "ಅಣ್ಣಾರ, ನಿಮ್ ಮನಿ ಯಾ ಗಿರಣಿ ಬಾಜು ಬರ್ತೈತ್ರಿ?" ಅಂತಲೇ ಕೇಳುತ್ತಾರೆ.

ನಾಲ್ಕೂ ಸರಿ ಇದ್ದು, ಕಾಲ್ ಬಂದೇ ಇಲ್ಲ ಅಂದರೆ, ಹುಡುಗ ಬರದೇ ಬಟನ್ ಒತ್ತಿದ್ದಾನೆ. ಇದೂ ಆಗುತ್ತದೆ. ನನಗೇ ಆಗಿದೆ. ಪ್ರಿಂಟರಿನ ಒಂದು ರೋಲರ್ ತರಿಸಿದ್ದೆ. ಪರೀಕ್ಷೆ ಅರ್ಜಿಗಳ ಸೀಸನ್, ಬೆಳಿಗ್ಗೆ 8ರಿಂದ ಅಂಗಡಿ ಬಿಟ್ಟು ಕದಲಿರಲಿಲ್ಲ, ಊಟವೂ ಕೌಂಟರ್ ಮೇಲೇ ಆಗಿತ್ತು. ಮಧ್ಯಾಹ್ನ 3.40ಕ್ಕೆ ಮೆಸೇಜ್ ಬಂತು: 'ಗ್ರಾಹಕರು ಪಾರ್ಸೆಲ್ ಬೇಡ ಅಂದರು'. ಯಾರು ಅಂದರು, ಯಾವಾಗ ಅಂದರು? ತಲೆ ಕೆಟ್ಟುಹೋಯಿತು. ಆ ದಿನ ಮಾಡಿದ ಒಂದೇ ಒಳ್ಳೆಯ ಕೆಲಸ, ಕಾಲ್ ಲಾಗ್ ಸ್ಕ್ರೀನ್‌ಶಾಟ್ ತೆಗೆದದ್ದು. 3ರಿಂದ 4ರವರೆಗೆ ಒಂದೂ ಕಾಲ್ ಇರಲಿಲ್ಲ. ಅದನ್ನೇ ದೂರಿಗೆ ಅಂಟಿಸಿದೆ. "ನೀವು ಸುಳ್ಳು ಹೇಳ್ತೀರಿ" ಅಂತೆಲ್ಲ ಬರೆಯಲಿಲ್ಲ. 'ಈ ಹೊತ್ತಿಗೆ ನನಗೆ ಕಾಲ್ ಬಂದಿಲ್ಲ, ಓಟಿಪಿ ಬಂದಿಲ್ಲ, ಮತ್ತೆ ಡೆಲಿವರಿಗೆ ಹಾಕಿ' ಇಷ್ಟೇ. ಎರಡನೇ ದಿನ ರೋಲರ್ ಬಂತು. ಪೆಟ್ಟಿಗೆ ಮೇಲೆ ಒಂದರ ಮೇಲೊಂದು ಮೂರು ಸ್ಟಿಕ್ಕರ್. ಅಡಿಯಲ್ಲಿದ್ದದ್ದು ವಾಪಸ್ ಕಳಿಸುವ ಸ್ಟಿಕ್ಕರ್.

ಇಂಥ ಮೆಸೇಜ್ ಬಂದ ದಿನವೇ 'ರೀಶೆಡ್ಯೂಲ್' ಒತ್ತಿ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನ ಅಂತ ಲೆಕ್ಕ ತೋರಿಸಿ ವಾಪಸ್ ಕಳಿಸಿಬಿಡುತ್ತಾರೆ. 'ಆರ್‌ಟಿಒ' ಅಂತ ಕಂಡರೆ ಅದು ಗಾಡಿ ಆಫೀಸ್ ಅಲ್ಲ, ಪೆಟ್ಟಿಗೆ ಹೊರಟ ಊರಿಗೇ ತಿರುಗಿದೆ ಅಂತ. ಆ ಹಂತ ಬಂತೆಂದರೆ ಹಿಂದೆ ಓಡಬೇಡಿ. ದುಡ್ಡು ವಾಪಸ್ ಕೇಳಿ, ಬೇಕಿದ್ದರೆ ಹೊಸದಾಗಿ ಆರ್ಡರ್ ಮಾಡಿ.

"ಪೋಸ್ಟಿನಾಗ ಬರೋದು, ಊರಿಗೆ ಬಂದೈತಂತ, ಕೈಗಿಲ್ಲ"

ಹಳ್ಳಿಯವರಿಗೆ ಹೇಳುವ ಮಾತು. ಪಟ್ಟಣದ ಪೋಸ್ಟ್ ಆಫೀಸಿಗೆ ಬಂದ ಚೀಲ ನಿಮ್ಮ ಊರಿನ ಶಾಖಾ ಅಂಚೆ ಕಚೇರಿಗೆ ಹೋಗಲು ಇನ್ನೊಂದು ದಿನ ಬೇಕಾಗಬಹುದು. ಆ ಕೊನೆಯ ಹೆಜ್ಜೆ ಎಲ್ಲ ಸಲವೂ ಟ್ರ್ಯಾಕಿಂಗ್‌ನಲ್ಲಿ ಚೆನ್ನಾಗಿ ಕಾಣುವುದಿಲ್ಲ. ಊರಿನ ಪೋಸ್ಟ್ ಮಾಸ್ತರನ್ನು ಕೇಳಿ, ಅರ್ಧ ಕೆಲಸ ಮುಗಿಯುತ್ತದೆ. 'ಡೋರ್ ಲಾಕ್ಡ್' ಅಥವಾ 'ಇಂಟಿಮೇಶನ್ ಸರ್ವ್ಡ್' ಅಂತ ಇದ್ದರೆ ಪೋಸ್ಟ್ ಆಫೀಸಿನಲ್ಲೇ ಇಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ 7 ದಿನ ಇಡುತ್ತಾರೆ. ಆಧಾರ್ ಕಾರ್ಡ್ ಹಿಡಿದು ನೀವೇ ಹೋಗಿ. ಪಾಸ್‌ಪೋರ್ಟ್ ಆದರೆ ಯಾರ ಹೆಸರಿಗೆ ಇದೆಯೋ ಅವರ ಕೈಗೇ ಕೊಡುವುದು. ತಮ್ಮನನ್ನು ಕಳಿಸಿ ವಾಪಸ್ ಬಂದವರನ್ನು ನೋಡಿದ್ದೇನೆ. ಅಂಚೆ ಇಲಾಖೆಯ ಸಹಾಯವಾಣಿ 1800 266 6868.

ಬಸ್ಸಿನಲ್ಲಿ ಹಾಕಿದ ಪಾರ್ಸೆಲ್ ಆದರೆ ಮನೆಗೆ ಬರುತ್ತದೆ ಅಂತ ಕಾಯಬೇಡಿ. ಬಸ್‌ಸ್ಟ್ಯಾಂಡಿನ ಪಾರ್ಸೆಲ್ ಕೌಂಟರಿಗೆ ರಸೀದಿ ಫೋಟೋ ಹಿಡಿದು ನೀವೇ ಹೋಗಬೇಕು. ತಡ ಮಾಡಿದಷ್ಟೂ ಇಟ್ಟುಕೊಂಡ ಬಾಡಿಗೆ ಏರುತ್ತದೆ.

"ಡೆಲಿವರ್ಡ್ ಅಂತ ತೋರಿಸ್ತೈತಿ. ನಮಗ ಬಂದೇ ಇಲ್ಲ"

ಎದೆ ಧಸಕ್ಕೆನ್ನುವ ಮೆಸೇಜ್ ಇದು. ಆದರೂ ಕೂಗಾಡುವ ಮೊದಲು ಒಂದು ಸುತ್ತು ನಡೆಯಿರಿ.

ನಮ್ಮ ಓಣಿಯ ಒಬ್ಬ ಅತ್ತೆ ಮಿಕ್ಸಿ ಜಾರ್ ತರಿಸಿದ್ದರು. ಡೆಲಿವರ್ಡ್ ಅಂತ ಬಂದು 4 ದಿನ ಆಗಿತ್ತು. ಮನೆಯಲ್ಲಿ ಸೊಸೆಯ ಮೇಲೆ ಗುಮಾನಿ, ಎದುರುಮನೆಯವರ ಮೇಲೆ ಗುಮಾನಿ. ಐದನೇ ದಿನ ಜೋಳ ಬೀಸಿಸಲು ಗಿರಣಿಗೆ ಹೋದರೆ, ತಕ್ಕಡಿ ಹಿಂದೆ ಹಿಟ್ಟು ಮೆತ್ತಿಕೊಂಡ ರಟ್ಟಿನ ಪೆಟ್ಟಿಗೆ. ಕೈಯಲ್ಲಿ ಒರೆಸಿದರೆ ಅವರದ್ದೇ ಹೆಸರು. "ಯವ್ವಾ, ಅವತ್ತೇ ಕೊಟ್ಟು ಹೋದ, ನೀವು ಬರ್ತೀರಂತ ಇಟ್ಟಿದ್ನಿ" ಅಂದ ಗಿರಣಿಯವ. ಅಂದಿನಿಂದ ನನ್ನ ಮೊದಲ ಪ್ರಶ್ನೆ, ಗಿರಣಿಯಲ್ಲಿ ಕೇಳಿದ್ರಾ?

ಮನೆಯಲ್ಲಿ ಎಲ್ಲರನ್ನೂ ಕೇಳಿ, ಮಕ್ಕಳನ್ನೂ. ಎದುರುಮನೆ, ಪಕ್ಕದ ಅಂಗಡಿ, ಅಪಾರ್ಟ್‌ಮೆಂಟ್ ಆದರೆ ವಾಚ್‌ಮನ್. ಮೀಟರ್ ಬೋರ್ಡ್ ಮೇಲೆ, ಸ್ಕೂಟಿ ಸೀಟಿನ ಅಡಿ ನೋಡಿ. ಆಮೇಲೆ ಆ್ಯಪ್ ತೆರೆದು ಡೆಲಿವರಿ ಫೋಟೋ ಇದೆಯಾ ನೋಡಿ. ಫೋಟೋದಲ್ಲಿ ಬಾಗಿಲ ಬಣ್ಣ, ಹೊಸ್ತಿಲ ರಂಗೋಲಿ, ಚಪ್ಪಲಿ ನೋಡಿದರೆ ಸಾಕು, ನಮ್ಮ ಓಣಿಯ ಹೆಂಗಸರು ಯಾರ ಮನೆ ಅಂತ ಹೇಳಿಬಿಡುತ್ತಾರೆ. ಆಮೇಲೆ ಓಟಿಪಿ. ಓಟಿಪಿ ಬೇಕಾದ ಆರ್ಡರ್ ಆಗಿದ್ದರೆ ಅದನ್ನು ಯಾರು ಹೇಳಿದರು? ಮಗನೋ ಮಗಳೋ ಫೋನಲ್ಲಿ ಹೇಳಿ ಮರೆತಿರಬಹುದು.

ಕೆಲವು ಸಲ ಹುಡುಗರು ದಿನದ ಟಾರ್ಗೆಟ್ ಮುಗಿಸಲು ಸಂಜೆಯೇ 'ಡೆಲಿವರ್ಡ್' ಒತ್ತಿ, ಮಾರನೇ ಬೆಳಿಗ್ಗೆ ತಂದುಕೊಡುವುದೂ ಉಂಟು. ಅದು ತಪ್ಪು. ಆದರೂ 24 ಗಂಟೆ ನೋಡಬಹುದು. ಅದಕ್ಕಿಂತ ಜಾಸ್ತಿ ಬೇಡ. ತಡ ಮಾಡಿದರೆ "ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ" ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ದೂರಿನಲ್ಲಿ ಎರಡು ವಿಷಯ ಕೇಳಿ: ಡೆಲಿವರಿ ಆದ ಜಾಗದ ಲೊಕೇಶನ್, ತೆಗೆದುಕೊಂಡವರ ಸಹಿ ಅಥವಾ ಫೋಟೋ. ಅವು ಅವರ ಹತ್ತಿರ ಇಲ್ಲದಿದ್ದರೆ ನಿಮ್ಮ ಮಾತಿಗೆ ತೂಕ.

"ಬಾಕ್ಸ್ ಬಂತು, ಆದರ ಹರದೈತಿ"

ಹುಡುಗ ಇರುವಾಗಲೇ ಫೋಟೋ ತೆಗೆಯಿರಿ. ಟೇಪ್ ಎರಡು ಬಗೆಯದಿದ್ದರೆ, ಲೇಬಲ್ ಅರ್ಧ ಕಿತ್ತಿದ್ದರೆ, ಎತ್ತಿದರೆ ಹಗುರ ಅನಿಸಿದರೆ ತೆಗೆದುಕೊಳ್ಳಬೇಡಿ. ಬಾಕ್ಸ್ ತೆರೆದು ತೋರಿಸುವ ಡೆಲಿವರಿ ಇದ್ದರೆ, ಪೂರ್ತಿ ನೋಡುವವರೆಗೆ ಓಟಿಪಿ ಹೇಳಬೇಡಿ. ಇಲ್ಲದಿದ್ದರೆ ಒಬ್ಬರು ತೆರೆಯಿರಿ, ಇನ್ನೊಬ್ಬರು ವಿಡಿಯೋ ಮಾಡಿ. ಲೇಬಲ್‌ನಿಂದ ಶುರು ಮಾಡಿ, ನಡುವೆ ನಿಲ್ಲಿಸದೆ ತೆಗೆಯಿರಿ. ಒದ್ದೆಯಾಗಿದ್ದು ವಾಸನೆ ಬರುತ್ತಿದ್ದರೆ ಒಳಗೆ ತರಲೇಬೇಡಿ. ಸ್ಪ್ರೇಯರ್ ಬ್ಯಾಟರಿ, ಬೆಳೆಗೆ ಹೊಡೆಯುವ ಔಷಧಿ ಎಲ್ಲ ಈಗ ಪಾರ್ಸೆಲ್‌ನಲ್ಲೇ ಬರುತ್ತವೆ. ಉಬ್ಬಿದ ಬ್ಯಾಟರಿ ಕಂಡರೆ ಮುಟ್ಟದೆ, ಮಕ್ಕಳನ್ನು ದೂರ ಇಟ್ಟು, ಅಂಗಳದಲ್ಲೇ ಬಿಟ್ಟು ಕಂಪನಿಗೆ ತಿಳಿಸಿ.

ನೀವು ಆರ್ಡರ್ ಮಾಡದ ಪಾರ್ಸೆಲ್ ಬಂದು ದುಡ್ಡು ಕೇಳಿದರೆ ಕೊಡಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಇದನ್ನು ಮೊದಲೇ ಹೇಳಿಡಿ. "ಹುಡುಗ ತರಿಸಿರ್ತಾನ" ಅಂತ 700 ರೂಪಾಯಿ ಕೊಟ್ಟು, ಒಳಗೆ ಹಳೇ ಬಟ್ಟೆ ಸಿಕ್ಕ ಕಥೆ ನಮ್ಮ ಓಣಿಯಲ್ಲೇ ಇದೆ.

"ವಿಳಾಸ ಸರಿ ಇಲ್ಲ, ಲಿಂಕ್ ಒತ್ತಿ ಅಂತ ಮೆಸೇಜ್ ಬಂದೈತಿ"

ಇಲ್ಲಿ ನಿಲ್ಲಿ. ಪಾರ್ಸೆಲ್‌ಗಾಗಿ ಕಾಯುತ್ತಿರುವವರಿಗೇ ಈ ಬಲೆ. ಅಂಚೆ ಇಲಾಖೆ ಹೆಸರಲ್ಲಿ 'ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅರೆಬರೆ ಇದೆ, ಇಷ್ಟು ಗಂಟೆಯೊಳಗೆ ಸರಿ ಮಾಡಿ' ಅಂತ ಬರುತ್ತದೆ. ಒತ್ತಿದರೆ ಐದೋ ಇಪ್ಪತ್ತೋ ರೂಪಾಯಿ ಕಟ್ಟಿ ಅನ್ನುತ್ತದೆ. ಅವರಿಗೆ ಬೇಕಾದದ್ದು ಆ ಚಿಲ್ಲರೆ ಅಲ್ಲ, ನಿಮ್ಮ ಕಾರ್ಡ್ ನಂಬರ್. ಅಂಚೆ ಇಲಾಖೆಯ ನಿಜವಾದ ವಿಳಾಸ 'ಗೌ ಡಾಟ್ ಇನ್' ಅಂತ ಮುಗಿಯುತ್ತದೆ. ಲಿಂಕ್ ಒತ್ತುವ ಬದಲು ಆ್ಯಪ್‌ಗೆ ಹೋಗಿ ನೀವೇ ನೋಡಿ.

ಇನ್ನೊಂದು ಬಗೆ ಫೋನಿನಲ್ಲಿ ಬರುತ್ತದೆ. "ಸರ್, ನಿಮ್ಮ ಮನೆ ಸಿಗುತ್ತಿಲ್ಲ, ಡೆಲಿವರಿ ಹುಡುಗನಿಗೆ ಕನೆಕ್ಟ್ ಮಾಡುತ್ತೇನೆ, *21* ಒತ್ತಿ ಈ ನಂಬರ್ ಹಾಕಿ" ಅನ್ನುತ್ತಾರೆ. *401* ಅಂತಲೂ ಹೇಳುತ್ತಾರೆ. ಒತ್ತಿದರೆ ನಿಮ್ಮ ಕಾಲ್‌ಗಳೆಲ್ಲ ಅವರ ಫೋನಿಗೆ ಹೋಗುತ್ತವೆ, ಬ್ಯಾಂಕಿನ ಓಟಿಪಿ ಕಾಲ್ ಕೂಡ. ಒತ್ತಿಬಿಟ್ಟಿದ್ದರೆ ತಕ್ಷಣ ##002# ಡಯಲ್ ಮಾಡಿ, ಫಾರ್ವರ್ಡ್ ಎಲ್ಲ ರದ್ದಾಗುತ್ತದೆ. "ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೋ ಕಾಲ್‌ನಲ್ಲೇ ಇರಿ" ಅಂತ ಪೊಲೀಸ್ ಬಟ್ಟೆ ಹಾಕಿ ಹೆದರಿಸುವವರೂ ಇದೇ ಜಾತಿ. ಕಟ್ ಮಾಡಿ. ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಅರೆಸ್ಟ್ ಮಾಡುವುದಿಲ್ಲ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್ ಒಳಗಿನದ್ದೇ ತೆಗೆದುಕೊಳ್ಳಿ. ದುಡ್ಡು ಹೋಗಿದ್ದರೆ ಪಾರ್ಸೆಲ್ ಮರೆತುಬಿಡಿ. ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ಎಲ್ಲ ನೋಡಾಯಿತು, ಇನ್ನೂ ಇಲ್ಲ ಅಂದರೆ

ಚಾಟ್‌ನಲ್ಲಿ "ತೊಂದರೆಗೆ ಕ್ಷಮಿಸಿ, 48 ಗಂಟೆ ಕಾಯಿರಿ" ಅಂತ ಎರಡು ಸಲ ಬಂದರೆ ಚಾಟ್ ನಿಲ್ಲಿಸಿ. ಮೂರನೇ ಸಲವೂ ಅದೇ ಬರುತ್ತದೆ. ಆ ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಬರೆಯಿರಿ. ಅವರ ಹೆಸರು, ವಿಳಾಸ ಆ್ಯಪ್‌ನ ಕೆಳಭಾಗದಲ್ಲಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂತು ಅಂತ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರುವವನು ಹೇಳುವ ಹಾಗೂ ಇಲ್ಲ. ಇದೂ ಅದೇ ನಿಯಮದಲ್ಲಿದೆ. ಸೇತುವೆ ಮುಳುಗಿದಂಥ, ಅವರ ಕೈಮೀರಿದ ಕಾರಣ ಇದ್ದರೆ ಮಾತ್ರ ಬೇರೆ.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. ಕೇಸ್ ಹಾಕುವ ಮುಂಚೆಯೇ ಕಂಪನಿ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ. ಕಾಲ್ ಮಾಡುವಾಗ ಆರ್ಡರ್ ನಂಬರ್, ಕೊಟ್ಟ ದುಡ್ಡು, ದೂರಿನ ನಂಬರ್, ತೆಗೆದಿಟ್ಟ ಸ್ಕ್ರೀನ್‌ಶಾಟ್ ಎದುರಿಗೆ ಇರಲಿ.

ಕೊನೆಯದು ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ನಮಗೆ ಕೊಪ್ಪಳ ಸಾಕು, ಬೆಂಗಳೂರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಲೂ ಇಲ್ಲ. ತಕರಾರು ಎದ್ದ ದಿನದಿಂದ 2 ವರ್ಷದೊಳಗೆ ಹಾಕಬೇಕು. 300 ರೂಪಾಯಿಯ ಚಾರ್ಜರ್‌ಗೆ ಇಷ್ಟು ದೂರ ಹೋಗಿ ಅಂತ ನಾನು ಹೇಳುವುದಿಲ್ಲ, ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗುತ್ತದೆ. 20 ಸಾವಿರದ ಫೋನ್ ಆದರೆ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಎರಡೆರಡು ಪ್ರತಿ ಪ್ರಿಂಟ್ ತೆಗೆಸಿಕೊಳ್ಳಿ. ಪ್ರಿಂಟರ್ ಈಗ ಚೆನ್ನಾಗಿ ಓಡುತ್ತಿದೆ, ಹೊಸ ರೋಲರ್ ಹಾಕಿದ್ದೇನೆ.